ಗದ್ದೆಯ ಮೇಲೊಂದು ಹುಲ್ಲುಹಾಸು

ಬೆಳಗೊಳದ ಹೊರವಲಯದಲ್ಲಿ ಮನೆ ಕಟ್ಟಿಸಿಕೊಂಡಿರುವ ನಿವೃತ್ತ ಮೇಷ್ಟ್ರೊಬ್ಬರು ನನಗೆ ಹಳೆಯ ಪರಿಚಯ. ಒಂದು ಏಪ್ರಿಲ್ ತಿಂಗಳ ಸಂಜೆ ಅವರ ಮನೆಗೆ ಹೋದಾಗ ಕಾಫಿಗಿಂತ ಮೊದಲು ಅವರು ತೋರಿಸಿದ್ದು ಮನೆಯ ಮುಂದಿನ ಹುಲ್ಲುಹಾಸನ್ನು. ಹುಲ್ಲುಹಾಸು ಎನ್ನುವುದಕ್ಕಿಂತ ಅದರ ಅವಶೇಷ ಎನ್ನಬೇಕು. ಹಿಂದಿನ ಮಳೆಗಾಲದಲ್ಲಿ ನರ್ಸರಿಯಿಂದ ಚಾಪೆಯಂತೆ ಸುರುಳಿ ಸುತ್ತಿ ತಂದು ಹಾಸಿದ ಹುಲ್ಲು. ಮಳೆ ಬಂದಷ್ಟು ದಿನ ಅದರ ಮೇಲೆ ನೀರು ನಿಂತು ಬುಡ ಕೊಳೆಯಿತಂತೆ. ಚಳಿಗಾಲಕ್ಕೆ ಹಳದಿಯಾಯಿತು. ಈಗ ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು, ಒಂದೊಂದು ಬಿರುಕಿನಲ್ಲೂ ಕಿರುಬೆರಳು ಇಳಿಯುವಷ್ಟು ಸಂದಾಗಿತ್ತು. ದಿನಾ ಸಂಜೆ ಪೈಪು ಹಿಡಿದು ನೀರು ಬಿಟ್ಟರೂ ನೀರು ಮೇಲಿಂದಲೇ ಜಾರಿ ರಸ್ತೆಗೆ ಹೋಗುತ್ತಿತ್ತು.

ನಾವು ಅದನ್ನು ನೋಡುತ್ತ ನಿಂತಿದ್ದಾಗ ದನ ಹೊಡೆದುಕೊಂಡು ಹೋಗುತ್ತಿದ್ದ ಊರಿನ ಹಿರಿಯರೊಬ್ಬರು ಗೇಟಿನ ಬಳಿ ನಿಂತರು. "ಏನ್ ಮೇಷ್ಟ್ರೇ, ನಾವು ಜೀವ್ಮಾನೆಲ್ಲಾ ಗದ್ದೇಲಿ ಹುಲ್ಲು ಕಿತ್ತೂ ಕಿತ್ತೂ ಸೊಂಟ ಬಿದ್ದೋಯ್ತು. ನೀವು ದುಡ್ಡು ಕೊಟ್ಟು ತಂದು ನೆಡ್ತೀರಲ್ಲಾ!" ಎಂದು ನಕ್ಕರು. ಮೇಷ್ಟ್ರೂ ನಕ್ಕರು, ಆದರೆ ಪೂರ್ತಿ ಮನಸ್ಸಿನಿಂದಲ್ಲ. ಹಿರಿಯರು ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದರು: "ಇದು ನೀರು ನಿಲ್ಲಲಿ ಅಂತ ತುಳಿದಿರೋ ಮಣ್ಣು. ಈಗ ನೀರು ಕುಡಿ ಅಂದ್ರೆ ಕುಡೀತದಾ?"

ಆ ಎರಡನೆಯ ಮಾತು ನನ್ನನ್ನು ಬಹಳ ದಿನ ಕಾಡಿತು. ತೋಟಗಾರಿಕೆಯ ಸಮಸ್ಯೆ ಎಂದು ನಾವು ತಿಳಿದುಕೊಂಡಿದ್ದನ್ನು ಅವರು ಒಂದೇ ವಾಕ್ಯದಲ್ಲಿ ಚರಿತ್ರೆಯ ಸಮಸ್ಯೆ ಮಾಡಿಬಿಟ್ಟಿದ್ದರು. ಆ ಹಿತ್ತಿಲಿನಷ್ಟು ಜಾಗದಲ್ಲಿ ಎರಡು ಚರಿತ್ರೆಗಳು ಒಂದರ ಮೇಲೊಂದು ಕೂತಿದ್ದವು. ಮೇಲಿನದು ಹುಲ್ಲಿನದು, ದೂರದಿಂದ ಬಂದದ್ದು. ಕೆಳಗಿನದು ಮಣ್ಣಿನದು, ಇಲ್ಲಿಯದೇ. ಎರಡಕ್ಕೂ ಹೊಂದಾಣಿಕೆಯಾಗಿರಲಿಲ್ಲ, ಅಷ್ಟೆ.

ಮೊದಲು ಮೇಲಿನ ಚರಿತ್ರೆಯನ್ನು ನೋಡೋಣ. ಮನೆಯ ಮುಂದೆ ಹುಲ್ಲು ಬೆಳೆಸುವುದು ನಮ್ಮ ಕಡೆಯ ರೂಢಿಯಲ್ಲ. ನಮ್ಮ ಅಂಗಳ ಗುಡಿಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿ ಇಡುವ ಜಾಗ. ಅಲ್ಲಿ ಒಂದು ಎಸಳು ಹುಲ್ಲು ತಲೆಯೆತ್ತಿದರೂ ಮನೆಯಾಕೆಗೆ ಸೋಮಾರಿ ಎಂಬ ಹೆಸರು. ಮನುಷ್ಯರಿಲ್ಲದ ಮನೆಯ ಮುಂದೆ ಮಾತ್ರ ಗಿಡಗಂಟಿ ಬೆಳೆಯುತ್ತದೆ. ಮಂಡ್ಯ, ಮೈಸೂರು ಕಡೆ ಸಿಟ್ಟು ಬಂದಾಗ ಬಾಯಿಗೆ ಬರುವ "ಎಕ್ಕುಟ್ಟೋಗ" ಎಂಬ ಬೈಗುಳದ ಅರ್ಥವೂ ಅದೇ: ಮನೆ ಹಾಳು ಬಿದ್ದು ಅಲ್ಲಿ ಎಕ್ಕದ ಗಿಡ ಹುಟ್ಟಲಿ ಎಂದು. ಹಾಗೆಂದು ಹುಲ್ಲಿಗೆ ನಮ್ಮಲ್ಲಿ ಗೌರವವಿಲ್ಲ ಎಂದಲ್ಲ. ಗರಿಕೆಯಿಲ್ಲದೆ ಗಣಪತಿ ಪೂಜೆ ನಡೆಯದು. ವಂಶ ಗರಿಕೆಯ ಹಾಗೆ ಹಬ್ಬಲಿ ಎಂದು ಹರಸುವವರೂ ನಾವೇ. ಗದ್ದೆಯ ಬದುವಿನಲ್ಲಿ ಅದೇ ಗರಿಕೆ ದನದ ಮೇವು, ಗದ್ದೆಯೊಳಗೆ ಬಂದರೆ ಕಳೆ. ಒಂದೇ ಹುಲ್ಲಿಗೆ ಜಾಗಕ್ಕೆ ತಕ್ಕ ಮರ್ಯಾದೆ.

ಅಂಗಳದ ತುಂಬ ಹುಲ್ಲು ಇರುವುದೇ ಅಂತಸ್ತು ಎಂಬ ಕಲ್ಪನೆ ಯುರೋಪಿನ ಶ್ರೀಮಂತರದ್ದು. 17ನೇ ಶತಮಾನದಲ್ಲಿ ವರ್ಸೈ ಅರಮನೆಯ ಉದ್ಯಾನವನ್ನು ರೂಪಿಸಿದ ಲ ನೋತ್ರ್ ಅಲ್ಲಿ ಹಸಿರು ಕಂಬಳಿಯಂಥ ಉದ್ದನೆಯ ಹುಲ್ಲಿನ ಪಟ್ಟಿಯೊಂದನ್ನು ಹಾಸಿದ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಜಮೀನ್ದಾರರ ಮಹಲುಗಳ ಬಾಗಿಲಿನವರೆಗೂ ಹುಲ್ಲು ಹರಡಿಕೊಂಡಿತು. ಉಳಬಹುದಾದ, ಬಿತ್ತಬಹುದಾದ ನೆಲವನ್ನು ಬರೀ ನೋಟಕ್ಕೆ ಬಿಟ್ಟಿದ್ದೇನೆ ಎಂದು ಸಾರುವುದೇ ಅದರ ಉದ್ದೇಶ. ಅದನ್ನು ಕತ್ತರಿಸಲು ಕುಡುಗೋಲು ಹಿಡಿದ ಆಳುಗಳು ಬೇಕಿದ್ದರು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ, ಬಟ್ಟೆ ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ನವಿರು ಕತ್ತರಿಸುವ ಯಂತ್ರವನ್ನು ನೋಡಿ, ಅದೇ ರೀತಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಮಾಡಿದ. ಆಮೇಲೆ ಮಧ್ಯಮ ವರ್ಗದವರ ಮನೆಯ ಮುಂದೆಯೂ ಹುಲ್ಲುಹಾಸು ಬಂತು.

ಅದು ವರ್ಷದ ಉದ್ದಕ್ಕೂ ಜಿನುಗು ಮಳೆ ಬೀಳುವ ದೇಶದ ಪದ್ಧತಿ. ಕಂಪನಿಯ ಅಧಿಕಾರಿಗಳು ಅದನ್ನು ಇಲ್ಲಿಗೂ ತಂದರು. ಆದರೆ ಅವರ ಊರಿನ ಹುಲ್ಲುಗಳು ನಮ್ಮ ಬಯಲುಸೀಮೆಯ ಬೇಸಿಗೆಯನ್ನು ತಡೆಯಲಿಲ್ಲ. ಕೊನೆಗೆ ಬಂಗಲೆಗಳ ಮುಂದೆ, ಕ್ರಿಕೆಟ್ ಮೈದಾನಗಳಲ್ಲಿ ನಿಂತದ್ದು ನಮ್ಮ ಗರಿಕೆಯೇ. ಅಮೆರಿಕದಲ್ಲಿ ಬರ್ಮುಡಾ ಹುಲ್ಲು ಎಂಬ ಹೆಸರಿನಲ್ಲಿ ಗಾಲ್ಫ್ ಮೈದಾನಗಳನ್ನು ಹಸಿರಾಗಿಟ್ಟಿರುವುದೂ ಇದೇ ಜಾತಿ.

ಮೈಸೂರು ಸಂಸ್ಥಾನದಲ್ಲಿ ಈ ಹುಲ್ಲಿನ ಕಲೆ ತನ್ನ ತುದಿ ಮುಟ್ಟಿದ್ದು ಬೆಳಗೊಳದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಕಟ್ಟೆ ಮುಗಿಯುತ್ತ ಬಂದಾಗ ಅದರ ಕೆಳಗಿನ ನೆಲವನ್ನು ಉದ್ಯಾನವಾಗಿ ಮಾಡುವ ಯೋಚನೆ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರದು. ಅವರು 1926ರಿಂದ 1941ರವರೆಗೆ ದಿವಾನರಾಗಿದ್ದವರು. ಊರು ಚೆನ್ನಾಗಿ ಕಾಣಬೇಕು ಎಂಬ ಹಟ ಅವರಿಗಿತ್ತು. ಮನಸ್ಸಿನಲ್ಲಿದ್ದ ಮಾದರಿ ಕಾಶ್ಮೀರದ ಶಾಲಿಮಾರ್. ನಕ್ಷೆಗೆ ಜೊತೆಯಾದವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಜರ್ಮನಿಯ ಡ್ರೆಸ್ಡೆನ್ ಸಮೀಪದ ಹಳ್ಳಿಯೊಂದರಲ್ಲಿ 1865ರಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಕ್ಕೆ ಬಂದು, 1908ರಿಂದ ಮೈಸೂರು ಸಂಸ್ಥಾನದ ಉದ್ಯಾನಗಳನ್ನು ನೋಡಿಕೊಂಡವರು. 1927ರಲ್ಲಿ ಆರಂಭವಾದ ಉದ್ಯಾನದ ಕೆಲಸ 1932ರ ಹೊತ್ತಿಗೆ ಮುಗಿಯಿತು. ಸುಮಾರು 60 ಎಕರೆ. ಮೊದಲ ಹೆಸರು ಕೃಷ್ಣರಾಜೇಂದ್ರ ಟೆರೇಸ್ ಗಾರ್ಡನ್ಸ್. ಈಗ ನಾವೆಲ್ಲ ಕರೆಯುವುದು ಬೃಂದಾವನ ಎಂದು.

ಈ ಸೀಮೆಯ ಜನರ ಕಣ್ಣಿಗೆ ಹುಲ್ಲುಹಾಸಿನ ಆಸೆ ಹಿಡಿಸಿದ್ದು ಬೃಂದಾವನ. ಶಾಲೆಯ ಪ್ರವಾಸದಲ್ಲಿ ಸಾಲಾಗಿ ನಡೆದವರು, ಮದುವೆಯಾದ ಹೊಸತರಲ್ಲಿ ಅಲ್ಲಿ ಫೋಟೊ ತೆಗೆಸಿಕೊಂಡವರು, ಸಿನಿಮಾ ಹಾಡುಗಳಲ್ಲಿ ನಾಯಕ ನಾಯಕಿಯರು ಓಡಾಡಿದ್ದನ್ನು ನೋಡಿದವರು, ಎಲ್ಲರ ಮನಸ್ಸಿನಲ್ಲೂ ಆ ಹಸಿರು ಉಳಿದಿದೆ. ಮೇಷ್ಟ್ರು ಮನೆಯ ಮುಂದೆ ಹುಲ್ಲು ಹಾಕಿಸುವಾಗ ಅವರ ಕಣ್ಣ ಮುಂದೆ ಇದ್ದದ್ದೂ ಅದೇ. ಆದರೆ ಬೃಂದಾವನದ ಬೆನ್ನಿಗೆ ಏನೇನಿದೆ ಎಂಬುದನ್ನು ನಾವು ಫೋಟೊದಲ್ಲಿ ಕಾಣುವುದಿಲ್ಲ. ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೆಲ. ಬಿದ್ದ ನೀರು ನಿಲ್ಲದೆ ಕೆಳಗಿನ ಹಂತಕ್ಕೆ, ಅಲ್ಲಿಂದ ನದಿಗೆ ಇಳಿಯುತ್ತದೆ. ತಲೆಯ ಮೇಲೆ ಒಂದು ಜಲಾಶಯವೇ ಇದೆ. ದಿನವಿಡೀ ಕೆಲಸ ಮಾಡುವ ಮಾಲಿಗಳಿದ್ದಾರೆ. ಮೇಷ್ಟ್ರಿಗೆ ಇದ್ದದ್ದು ಮಟ್ಟಸವಾದ ಒಂದು ನಿವೇಶನ, ಒಂದು ಪೈಪು, ಮತ್ತು ನಿವೇಶನದ ಅಡಿಯಲ್ಲಿ ಮಲಗಿದ್ದ ಗದ್ದೆ.

ಇನ್ನು ಕೆಳಗಿನ ಚರಿತ್ರೆ. ಮಂಡ್ಯ ಜಿಲ್ಲೆಯ ನೆಲ ಬಹುಪಾಲು ಕೆಂಪು ಮಣ್ಣು, ಮರಳು ಬೆರೆತದ್ದು, ನೀರು ಬೇಗ ಕುಡಿಯುವಂಥದ್ದು. ಆದರೆ ನದಿಯ ದಂಡೆಯಲ್ಲಿ, ನಾಲೆಗಳ ಕೆಳಗೆ, ಹಳ್ಳದ ತಗ್ಗಿನಲ್ಲಿ ಜೇಡಿ ಹೆಚ್ಚು. 1799ರಲ್ಲಿ ಟಿಪ್ಪು ಬಿದ್ದ ಮರುವರ್ಷ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಈ ನಾಡು ನೋಡಿ ಬರಲು ಕಳಿಸಿತು. ಶ್ರೀರಂಗಪಟ್ಟಣದ ಸುತ್ತಿನ ರೈತರು ಮಣ್ಣನ್ನು ಎರೆ, ಕೆಬ್ಬೆ, ಮರಳು ಎಂದೆಲ್ಲ ಹೆಸರಿಟ್ಟು ವಿಂಗಡಿಸುತ್ತಿದ್ದುದನ್ನು ಆತ ಬರೆದುಕೊಂಡ. ಭತ್ತ ಬೆಳೆಯುವ ಬೇರೆ ಬೇರೆ ಕ್ರಮಗಳನ್ನೂ ಬರೆದುಕೊಂಡ: ಒಣ ಬೀಜ ಬಿತ್ತುವುದು, ಮೊಳಕೆ ಬರಿಸಿ ಚೆಲ್ಲುವುದು, ಒಟ್ಲು ಹಾಕಿ ಪೈರು ಕಿತ್ತು ನಾಟಿ ಮಾಡುವುದು. ಆತ ಬರುವ ಹೊತ್ತಿಗೇ ಇಲ್ಲಿಯ ನಾಲೆಗಳು ಹಳೆಯವು. ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ ಇವೆಲ್ಲ ಕನ್ನಂಬಾಡಿ ಕಟ್ಟೆ ಏಳುವ ಎಷ್ಟೋ ಮುಂಚೆಯೇ ಕಾವೇರಿಯನ್ನು ಗದ್ದೆಗೆ ತಿರುಗಿಸಿದ್ದವು.

ನಾಟಿಗೆ ಮುಂಚೆ ಗದ್ದೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ನೀರು ಕಟ್ಟಿ, ನೆನೆಸಿ, ಉತ್ತು, ಮತ್ತೆ ಉತ್ತು, ಎತ್ತುಗಳ ಗೊರಸಿನಿಂದಲೂ ಮನುಷ್ಯರ ಕಾಲಿನಿಂದಲೂ ತುಳಿದು, ಮಣ್ಣನ್ನು ರೊಚ್ಚು ಮಾಡುತ್ತಾರೆ. ಹಲಗೆ ಹೊಡೆದು ಮಟ್ಟ ಮಾಡುತ್ತಾರೆ. ಇದರ ಉದ್ದೇಶ ಒಂದೇ: ನೀರು ಕೆಳಗಿಳಿಯಬಾರದು. ಜೇಡಿ ಮಣ್ಣಿನ ಕಣ ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತ ಸಣ್ಣದು. ಸಹಜ ಸ್ಥಿತಿಯಲ್ಲಿ ಈ ಕಣಗಳು ಗುಂಪುಗುಂಪಾಗಿ ಅಂಟಿಕೊಂಡು ಉಂಡೆಗಳಾಗಿರುತ್ತವೆ. ಉಂಡೆಗಳ ನಡುವಿನ ಸಂದಿನಲ್ಲಿ ಗಾಳಿ, ನೀರು, ಬೇರು ಓಡಾಡುತ್ತವೆ. ರೊಚ್ಚು ಮಾಡುವುದೆಂದರೆ ಆ ಉಂಡೆಗಳನ್ನು ಒಡೆದು ಸಂದುಗಳನ್ನು ಮುಚ್ಚುವುದು. ನೇಗಿಲ ಗುಳ ತಲುಪುವ ಆಳದ ಅಡಿಯಲ್ಲಿ, ಸುಮಾರು ಒಂದು ಗೇಣು ಕೆಳಗೆ, ವರ್ಷವರ್ಷದ ತುಳಿತದಿಂದ ಒಂದು ಗಟ್ಟಿ ಪದರ ಕೂತುಬಿಡುತ್ತದೆ. ಭತ್ತಕ್ಕೆ ಅದು ವರ. ಮಡಿಕೆಯ ತಳವಿದ್ದ ಹಾಗೆ ನೀರನ್ನು ಹಿಡಿದಿಡುತ್ತದೆ. ಅದನ್ನು ಮಾಡಿದ್ದು ಪ್ರಕೃತಿಯಲ್ಲ. ತಲೆಮಾರುಗಳ ಕಾಲ ಎತ್ತುಗಳೂ ಅವುಗಳ ಹಿಂದೆ ನಡೆದವರೂ ನಾಟಿ ಹಾಕಿದ ಹೆಂಗಸರೂ ಸೇರಿ ಕಟ್ಟಿದ ಕಟ್ಟಡ ಅದು, ನೆಲದೊಳಗಿದೆ ಅಷ್ಟೆ.

ಹುಲ್ಲುಹಾಸು ಅದೇ ಮಣ್ಣಿನಿಂದ ಕೇಳುವುದು ಇದಕ್ಕೆ ತದ್ವಿರುದ್ಧ. ಭತ್ತದ ಬೇರಿಗೆ ನಿಂತ ನೀರಿನಲ್ಲೂ ಉಸಿರಾಡುವ ವ್ಯವಸ್ಥೆಯಿದೆ, ಕಾಂಡದ ಒಳಗಿನ ಟೊಳ್ಳಿನಿಂದ ಗಾಳಿ ಬೇರಿಗೆ ಇಳಿಯುತ್ತದೆ. ಹುಲ್ಲುಹಾಸಿನ ಹುಲ್ಲುಗಳಿಗೆ ಆ ಮಟ್ಟದ ಅನುಕೂಲವಿಲ್ಲ. ಮೇಲೆ ನೀರು ನಿಂತರೆ ಬೇರು ಮೇಲುಮೇಲಕ್ಕೇ ಉಳಿಯುತ್ತದೆ. ಬೇಸಿಗೆ ಬಂದಾಗ ಮೇಲಿನ ಎರಡಂಗುಲ ಒಣಗಿದ ಕೂಡಲೇ ಹುಲ್ಲಿಗೆ ಬಾಯಾರಿಕೆ. ಅಡಿಯಲ್ಲಿ ತೇವವಿದ್ದರೂ ಬೇರು ಅಲ್ಲಿಗೆ ಇಳಿದಿರುವುದಿಲ್ಲ. ಮೇಷ್ಟ್ರ ಹುಲ್ಲು ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ಬಾಯಾರಿ, ಎರಡು ಸಾವು ಸತ್ತದ್ದು ಹೀಗೆ.

ಅವರು ಸುಮ್ಮನೆ ಕೂತಿರಲಿಲ್ಲ. ಜೇಡಿ ಮಣ್ಣಿಗೆ ಮರಳು ಬೆರೆಸಿದರೆ ಹಗುರಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಒಂದು ಟ್ರ್ಯಾಕ್ಟರ್ ಎಂ-ಸ್ಯಾಂಡ್ ತರಿಸಿ ಹರಡಿಸಿದ್ದರು. ಅದು ಇನ್ನೂ ಗಟ್ಟಿಯಾಯಿತು. ಕಾರಣ ಸರಳ. ಮರಳಿನ ಕಣಗಳ ನಡುವಿನ ಸಂದಿನಲ್ಲಿ ಜೇಡಿ ತುಂಬಿಕೊಳ್ಳುತ್ತದೆ. ಮರಳು ಅರ್ಧಕ್ಕಿಂತ ಬಹಳ ಹೆಚ್ಚಾಗದ ಹೊರತು ಸಂದು ತೆರೆಯುವುದಿಲ್ಲ. ನಾನು ಅವರಿಗೆ ತಮಾಷೆಗೆ ಹೇಳಿದೆ, ನೀವು ಮಾಡಿದ್ದು ತೋಟವಲ್ಲ, ಗಾರೆ ಎಂದು. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸಿಮೆಂಟಿನಿಂದಲ್ಲ, ಸುರ್ಕಿಯಿಂದ. ಸುಟ್ಟ ಜೇಡಿಯ ಪುಡಿಯನ್ನು ಸುಣ್ಣದ ಜೊತೆ ಅರೆದು ಮಾಡಿದ ಗಾರೆ ಅದು. ನೀರನ್ನು ತಡೆಯುವುದು ಜೇಡಿಯ ಹುಟ್ಟುಗುಣ. ಗದ್ದೆಯಲ್ಲಿ ಹಸಿಯಾಗಿ ತಡೆಯಿತು, ಕಟ್ಟೆಯಲ್ಲಿ ಸುಟ್ಟುಕೊಂಡು ತಡೆಯಿತು. ಮೇಷ್ಟ್ರ ಅಂಗಳದಲ್ಲಿ ಮಾತ್ರ ತಡೆಯಬೇಡ ಎಂದರೆ ಹೇಗೆ?

ಮರಳಿನ ನಂತರ ಅವರು ಹಿಡಿದದ್ದು ಬಿಳಿ ಗೊಬ್ಬರದ ದಾರಿ. ಹಳದಿಯಾದ ಹುಲ್ಲಿಗೆ ತಿಂಗಳಿಗೊಮ್ಮೆ ಅಮೋನಿಯಂ ಸಲ್ಫೇಟ್. ಹಾಕಿದ ವಾರದಲ್ಲಿ ಹಸಿರಾಗುತ್ತಿತ್ತು, ತಿಂಗಳಲ್ಲಿ ಮತ್ತೆ ಮೊದಲಿನಂತೆ. ಈ ಗೊಬ್ಬರಕ್ಕೂ ಬೆಳಗೊಳಕ್ಕೂ ಇರುವ ನಂಟನ್ನು ಊರಿನ ಹೊಸಬರು ಮರೆತಿದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲೇ ಬೆಳಗೊಳದಲ್ಲಿ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆ ಅಮೋನಿಯಂ ಸಲ್ಫೇಟ್ ತಯಾರಿಸುತ್ತಿತ್ತು. ಸಿಂದ್ರಿಯ ಹೆಸರಾಂತ ಕಾರ್ಖಾನೆ ಉತ್ಪಾದನೆ ಶುರುಮಾಡಿದ್ದು 1951ರಲ್ಲಿ. ಅದಕ್ಕಿಂತ ಮೊದಲೇ ಕೃತಕ ಅಮೋನಿಯದಿಂದ ಗೊಬ್ಬರ ಮಾಡಿದ ದೇಶದ ಮೊದಮೊದಲ ಕಾರ್ಖಾನೆಗಳಲ್ಲಿ ಬೆಳಗೊಳದ್ದೂ ಒಂದು.

ಈ ಗೊಬ್ಬರ ಹುಲ್ಲಿಗೆ ಏನು ಮಾಡುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಒಂದು ಹುಲ್ಲುಗಾವಲು. 1856ರಲ್ಲಿ ಅಲ್ಲಿ ಶುರುವಾದ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಸುಣ್ಣ ಕೊಡದೆ ವರ್ಷವರ್ಷವೂ ಅಮೋನಿಯಂ ಸಲ್ಫೇಟ್ ಹಾಕಿದ ತುಂಡುಗಳಲ್ಲಿ ಮಣ್ಣು ಹುಳಿಯಾಗುತ್ತ ಹೋಯಿತು. ಎರೆಹುಳುಗಳು ಇಲ್ಲವಾದವು. ಸತ್ತ ಹುಲ್ಲು ಕೊಳೆಯದೆ ಮೇಲೆ ಚಾಪೆಯಂತೆ ಕೂತುಕೊಂಡಿತು. ಎರೆಹುಳು ಹೋದರೆ ಏನು ಹೋಗುತ್ತದೆ ಎಂಬುದನ್ನು ಡಾರ್ವಿನ್ ಹೇಳಿದ್ದಾನೆ. ಅವನ ಮನೆಯ ಬಳಿಯ ಹೊಲವೊಂದರಲ್ಲಿ 1842ರಲ್ಲಿ ಸೀಮೆಸುಣ್ಣದ ಚೂರುಗಳನ್ನು ಹರಡಲಾಗಿತ್ತು. 29 ವರ್ಷ ಬಿಟ್ಟು ಅಗೆದಾಗ ಆ ಬಿಳಿ ಪದರ 7 ಅಂಗುಲ ಕೆಳಗೆ ಸಿಕ್ಕಿತು. ಅದರ ಮೇಲೆ ಅಷ್ಟು ಮಣ್ಣನ್ನು ಹೊತ್ತು ತಂದದ್ದು ಎರೆಹುಳುಗಳು. 1881ರಲ್ಲಿ ಆತ ಪ್ರಕಟಿಸಿದ ಕೊನೆಯ ಪುಸ್ತಕ ಈ ಹುಳುಗಳದ್ದೇ. ಅಂಟು ಜೇಡಿಯ ನೆಲದಲ್ಲಿ ಗಾಳಿ ಓಡಾಡುವ ದಾರಿ ಕೊರೆಯುವ, ಸಂಬಳ ಕೇಳದ ಕೂಲಿ ಅದೊಂದೇ. ಯಾವ ಯಂತ್ರವೂ ಅದರ ಸಮಕ್ಕೆ ನಿಲ್ಲುವುದಿಲ್ಲ.

ಮುಂದಿನದು ಆ ಹಿರಿಯರ ಪಾಠ. ಮೇಷ್ಟ್ರು ಹಟ ಬಿಟ್ಟು ಅವರನ್ನೇ ಕರೆದು ಕೇಳಿದರು. ಹಿರಿಯರು ಮೊದಲು ಮಾಡಿದ್ದು ಹಾರೆ ತರಿಸಿ ಮೊಣಕಾಲಾಳ ಒಂದು ಗುಂಡಿ ತೆಗೆಸಿದ್ದು. ಒಂದು ಗೇಣು ಇಳಿದ ಮೇಲೆ ಹಾರೆ ಠಣ್ ಎಂದಿತು. ಕಲ್ಲಲ್ಲ, ಮಣ್ಣೇ. "ನೋಡಿ, ಇದು ನಮ್ಮಪ್ಪನ ಕಾಲದ್ದು" ಎಂದರು. ಗುಂಡಿಗೆ ಎರಡು ಬಿಂದಿಗೆ ನೀರು ಹೊಯ್ಯಿಸಿ, ನಾಳೆ ನೋಡಿ ಎಂದು ಹೋದರು. ಮರುದಿನ ಬೆಳಿಗ್ಗೆ ನೀರು ಹಾಗೆಯೇ ನಿಂತಿತ್ತು.

ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ಪದ "ಹದ". ಜೇಡಿಯನ್ನು ಹಸಿಯಿದ್ದಾಗ ಮುಟ್ಟಿದರೆ ರೊಚ್ಚು, ಒಣಗಿದ ಮೇಲೆ ಮುಟ್ಟಿದರೆ ಇಟ್ಟಿಗೆ. ಎರಡರ ನಡುವೆ ಕೆಲವೇ ದಿನ ಅದು ಹದವಾಗಿರುತ್ತದೆ. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಟ್ಟರೆ ಪುಡಿಪುಡಿಯಾಗಿ ಒಡೆಯಬೇಕು. ಅಂಟಿಕೊಂಡು ಚಪ್ಪಟೆಯಾದರೆ ಕಾಯಬೇಕು. ಅಶ್ವಿನಿ, ಭರಣಿ ಮಳೆಗಳು ಬಿದ್ದು ಎರಡು ಮೂರು ದಿನ ಒಣಗಿದ ಮೇಲೆ ಅವರು ಕೆಲಸ ಶುರುಮಾಡಿಸಿದರು. ಗಟ್ಟಿ ಪದರವನ್ನು ಅಲ್ಲಲ್ಲಿ ಹಾರೆಯಿಂದ ಮೀಟಿ ಒಡೆಸಿದರು. ಮೇಲಿನ ಮಣ್ಣು ಕೆಳಗೆ, ಕೆಳಗಿನದು ಮೇಲೆ ಬರದಂತೆ ನೋಡಿಕೊಂಡರು. ಮನೆಯ ಕಡೆಯಿಂದ ರಸ್ತೆಯ ಕಡೆಗೆ ಸಣ್ಣ ಇಳಿಜಾರು, ಅಂಚಿನಲ್ಲಿ ಜಲ್ಲಿ ತುಂಬಿದ ಒಂದು ಕಾಲುವೆ. ಬೃಂದಾವನದ ಮೆಟ್ಟಿಲುಗಳ ಕೆಲಸವನ್ನು ಇಲ್ಲಿ ಆ ನಾಲ್ಕಂಗುಲದ ಇಳಿಜಾರು ಮಾಡಿತು. ಆಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು, ಒಣ ಎಲೆಯ ಗೊಬ್ಬರವನ್ನು ಮೇಲಿನ ಅರ್ಧ ಅಡಿಗೆ ಬೆರೆಸಿದರು. ಜಿಪ್ಸಮ್ ಹಾಕಬೇಕೇ ಎಂದು ಮೇಷ್ಟ್ರು ಕೇಳಿದ್ದಕ್ಕೆ ಮಣ್ಣು ಪರೀಕ್ಷೆಯೇ ಉತ್ತರ ಹೇಳಿತು. ನಾಲೆ ಬಯಲಿನ ಚೌಳು ನೆಲಕ್ಕೆ, ಸೋಡಿಯಂ ಸೇರಿ ಕೆಟ್ಟ ಮಣ್ಣಿಗೆ ಅದು ಮದ್ದು. ಬರೀ ಅಂಟು ಮಣ್ಣಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಇವರ ಮಣ್ಣು ಚೌಳಲ್ಲ, ಹಾಕಲಿಲ್ಲ.

ಹುಲ್ಲನ್ನೂ ನರ್ಸರಿಯಿಂದ ತರಲಿಲ್ಲ. ಅದೇ ಊರಿನ ಗದ್ದೆ ಬದುವಿನ ಗರಿಕೆ. ನಮ್ಮ ತೋಟಗಾರಿಕೆಯ ಪುಸ್ತಕಗಳಲ್ಲಿ ಹುಲ್ಲು ಬೆಳೆಸುವ ಒಂದು ಹಳೆಯ ವಿಧಾನವಿದೆ. ಗರಿಕೆಯನ್ನು ಗೆಣ್ಣು ಗೆಣ್ಣಾಗಿ ಕತ್ತರಿಸಿ, ಮಣ್ಣು, ಹಸಿ ಸಗಣಿ, ನೀರಿನ ಜೊತೆ ಕಲಸಿ, ಹದಗೊಳಿಸಿದ ನೆಲದ ಮೇಲೆ ಒಂದಂಗುಲ ದಪ್ಪ ಬಳಿಯುವುದು. ಮೃಗಶಿರ ಮಳೆಯ ಹೊತ್ತಿಗೆ ಮೇಷ್ಟ್ರ ಮನೆಯವರೇ ಅದನ್ನು ಬಳಿದರು. ಅವರ ತಾಯಿ ಜಗುಲಿಯಲ್ಲಿ ಕೂತು ನೋಡುತ್ತ, "ಇದೇನು ಅಂಗಳ ಸಾರಿಸ್ತಾ ಇದ್ದೀಯಾ?" ಎಂದರಂತೆ. ಹೌದು, ಸಾರಿಸುವುದೇ. ಹದಿನೈದು ದಿನಕ್ಕೆ ಅಲ್ಲಲ್ಲಿ ಚಿಗುರಿತು, ದೀಪಾವಳಿಯ ಹೊತ್ತಿಗೆ ನೆಲ ಮುಚ್ಚಿತು. ಕೊನ್ನಾರಿ ಗಡ್ಡೆಯೂ ಜೊತೆಗೆ ಬಂತು, ಬರದೇ ಇರುವುದುಂಟೆ? ಅದನ್ನು ನೆಲ ಹದವಾಗಿರುವಾಗ ಗಡ್ಡೆಸಮೇತ ಕೀಳುತ್ತಿದ್ದಾರೆ. ಮಳೆ ಬಂದು ನೆಲ ನೆಂದಿರುವಾಗ ಹುಲ್ಲಿನ ಮೇಲೆ ಯಾರೂ ಓಡಾಡುವುದಿಲ್ಲ, ಗದ್ದೆ ತುಳಿದ ಹಾಗಾಗುತ್ತದೆ ಎಂದು. ವರ್ಷಕ್ಕೊಮ್ಮೆ ಹದ ನೋಡಿ ಕವೆಗೋಲಿನಿಂದ ತೂತು ಹಾಕಿ, ಜರಡಿ ಹಿಡಿದ ಗೊಬ್ಬರ ಉದುರಿಸುತ್ತಾರೆ. ಹುಲ್ಲನ್ನು ಬೋಳು ತಲೆಯ ಹಾಗೆ ಕತ್ತರಿಸುವುದಿಲ್ಲ. ಮೇಲೆ ಎಷ್ಟು ಬಿಡುತ್ತೇವೋ ಕೆಳಗೆ ಬೇರು ಅಷ್ಟು ಇಳಿಯುತ್ತದೆ.

ಆದರೆ ಕತೆ ಇಷ್ಟಕ್ಕೇ ಮುಗಿಯುವುದಿಲ್ಲ. ಮೇಷ್ಟ್ರು ಮೊದಲು ಹಾಸಿದ್ದ ಹುಲ್ಲು ನೂರು ಚದರ ಮೀಟರಿನಷ್ಟಿತ್ತು. ಅಷ್ಟು ಜಾಗದ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಲು ನೂರು ಲೀಟರ್ ಬೇಕು. ಬೇಸಿಗೆಯಲ್ಲಿ ಹುಲ್ಲು ದಿನಕ್ಕೆ ನಾಲ್ಕೈದು ಮಿಲಿಮೀಟರ್ ನೀರು ಬಯಸುತ್ತದೆ. ಅಂದರೆ 400ರಿಂದ 500 ಲೀಟರ್. ಹಳ್ಳಿಗಳಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬುದು ಸರ್ಕಾರದ ಲೆಕ್ಕ. ಒಂದು ಹುಲ್ಲುಹಾಸು ಏಳರಿಂದ ಒಂಬತ್ತು ಜನರ ನೀರು ಕುಡಿಯುತ್ತದೆ. ಅದೂ ಕನ್ನಂಬಾಡಿಯ ನೆರಳಿನಲ್ಲಿ. ಕಟ್ಟೆಯ ಮಟ್ಟ 124.80 ಅಡಿ ಮುಟ್ಟಿತೋ ಇಲ್ಲವೋ ಎಂಬುದು ಇಲ್ಲಿ ಹವಾಮಾನದ ಸುದ್ದಿಯಲ್ಲ, ಬದುಕಿನ ಸುದ್ದಿ. 1892 ಮತ್ತು 1924ರ ಒಪ್ಪಂದಗಳಿಂದ ಹಿಡಿದು 2018ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಈ ನೀರಿನ ಒಂದೊಂದು ಅಡಿಗೂ ವ್ಯಾಜ್ಯ ನಡೆದಿದೆ. ಮಳೆ ಕೈಕೊಟ್ಟ ವರ್ಷ ನಾಲೆಗಳಿಗೆ ಕಟ್ಟು ಪದ್ಧತಿಯಲ್ಲಿ ನೀರು. ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ತೆನೆ ಕಟ್ಟುವ ಹೊತ್ತಿಗೆ ನೀರು ನಿಂತ ಗದ್ದೆಯ ಪಕ್ಕದಲ್ಲಿ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುವುದಕ್ಕೆ ಯಾವ ಮುಖವಿರುತ್ತದೆ?

ಮೇಷ್ಟ್ರು ಈ ಪ್ರಶ್ನೆಯನ್ನು ತಾವೇ ಕೇಳಿಕೊಂಡರು. ಹೊಸ ಹುಲ್ಲನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದರು. ಉಳಿದ ಕಡೆ ಕರಿಬೇವು, ನಿಂಬೆ, ದಾಸವಾಳ, ಒಂದು ಬಾಳೆ ಗುಂಪು. ಬಾಗಿಲ ಮುಂದೆ ರಂಗೋಲಿಗೆಂದು ಬರಿ ನೆಲ. ಹುಲ್ಲಿಗೆ ದಿನಾ ನೀರಿಲ್ಲ. ಜೇಡಿ ಗಂಟೆಗೆ ಕೆಲವೇ ಮಿಲಿಮೀಟರ್ ಕುಡಿಯುವ ಮಣ್ಣು, ಒಮ್ಮೆಲೇ ಸುರಿದರೆ ರಸ್ತೆಗೇ ಹೋಗುತ್ತದೆ. ಆದ್ದರಿಂದ ಎಂಟು ಹತ್ತು ದಿನಕ್ಕೊಮ್ಮೆ, ಬೆಳಿಗ್ಗೆ ಸ್ವಲ್ಪ, ಒಂದು ಗಂಟೆ ಬಿಟ್ಟು ಮತ್ತೆ ಸ್ವಲ್ಪ, ನಿಧಾನವಾಗಿ ಕುಡಿಸುತ್ತಾರೆ. ನಿಧಾನವಾಗಿ ಕುಡಿದದ್ದನ್ನು ನಿಧಾನವಾಗಿಯೇ ಕಳೆದುಕೊಳ್ಳುವುದು ಜೇಡಿಯ ಇನ್ನೊಂದು ಗುಣ. ನೀರು ಹಿಡಿದಿಡುವ ಆ ಹಳೆಯ ಕೆಲಸವನ್ನು ಅದು ಮರೆತಿಲ್ಲ. ಬೇರು ಆಳಕ್ಕೆ ಇಳಿದ ಮೇಲೆ ಅದೇ ಗುಣ ಹುಲ್ಲಿಗೂ ಒದಗುತ್ತದೆ. ಗದ್ದೆಗೆ ಯಾವುದು ವರವಾಗಿತ್ತೋ, ಅಂಗಳಕ್ಕೆ ಯಾವುದು ಶಾಪವಾಗಿತ್ತೋ, ಅದೇ ಈಗ ನೀರು ಉಳಿಸುತ್ತಿತ್ತು. ಮಾರ್ಚ್, ಏಪ್ರಿಲ್‌ನಲ್ಲಿ ಹುಲ್ಲು ಸ್ವಲ್ಪ ಕಂದುತ್ತದೆ. ಕಂದಲಿ ಎಂದು ಬಿಡುತ್ತಾರೆ. ಗರಿಕೆಯ ಗೆಣ್ಣು ನೆಲದೊಳಗೆ ಬದುಕಿರುತ್ತದೆ, ಮೊದಲ ಮಳೆಗೆ ಏಳುತ್ತದೆ.

ನಾವು ಬಡಾವಣೆಗಳಿಗೆ ಹೆಸರಿಡುವಾಗ ಗದ್ದೆಯ ಹೆಸರನ್ನು ಅಳಿಸುತ್ತೇವೆ. ಬದು ಅಳಿಸಿ ಕಲ್ಲು ನೆಡುತ್ತೇವೆ. ಖಾತೆ ಬದಲಾಗುತ್ತದೆ, ಸರ್ವೆ ನಂಬರು ನಿವೇಶನದ ನಂಬರಾಗುತ್ತದೆ. ಕಾಗದದಲ್ಲಿ ಎಲ್ಲ ಬದಲಾದರೂ ಒಂದು ಗೇಣು ಕೆಳಗಿನ ಪದರ ಮಾತ್ರ ಹಾಗೆಯೇ ಇರುತ್ತದೆ. ಅದನ್ನು ಯಾರು ತುಳಿದರು, ಏಕೆ ತುಳಿದರು ಎಂದು ಕೇಳದೆ ಅದರ ಮೇಲೆ ಏನೇ ಹಾಸಿದರೂ ನಿಲ್ಲದು.

ಈ ಸಲ ಗಣೇಶನ ಹಬ್ಬಕ್ಕೆ ಮೇಷ್ಟ್ರ ಮನೆಗೆ ಹೋಗಿದ್ದೆ. ಹಿರಿಯರ ಮೊಮ್ಮಗಳು ಗೇಟು ತೆಗೆದುಕೊಂಡು ಬಂದು, "ತಾತ ಗರಿಕೆ ಕೇಳಿದ್ರು ಮೇಷ್ಟ್ರೇ" ಎಂದಳು. ಈಗ ಊರಿನ ಆ ಬದಿಯಲ್ಲಿ ಬದುಗಳೇ ಉಳಿದಿಲ್ಲವಂತೆ. ಮೇಷ್ಟ್ರು, "ನಿಂಗೆ ಬೇಕಾದಷ್ಟು ಕಿತ್ಕೋ ಮಗಾ" ಎಂದರು. ಹುಡುಗಿ ಕೂತು ಇಪ್ಪತ್ತೊಂದು ಕುಡಿ ಎಣಿಸಿ ಕಿತ್ತಳು. ಬೇರಿನ ಜೊತೆ ಬಂದ ಮಣ್ಣನ್ನು ಬೆರಳಿನಿಂದ ಹಿಸುಕಿದಳು. ಅದು ಉಡಿಉಡಿಯಾಗಿ ಉದುರಿತು.